ನೇರಳೆ ಮರದ ಒಪ್ಪಿಗೆ

ಗುಬ್ಬಿ, ಶನಿವಾರ

ಖಮರುನ್ನೀಸಾ ಆಪಾ ಅವರಿಗೆ,

ಅಸ್ಸಲಾಮು ಅಲೈಕುಂ. ಒಟ್ಟು ಖರ್ಚು ಮೊದಲೇ ಹೇಳಿಬಿಡ್ತೀನಿ: ಒಂದು ಗರಗಸ, ಇಬ್ಬರು ಆಳು, ಅರ್ಧ ದಿನ, ನನ್ನದೊಂದು ಸುಳ್ಳು. ತೀರಿಹೋದ ನಿಮ್ಮ ಯಜಮಾನರು ಕುಣಿಗಲ್‌ನಿಂದ ಬಸ್ಸಲ್ಲಿ ತೊಡೆ ಮೇಲಿಟ್ಟುಕೊಂಡು ತಂದು ನಮ್ಮ ಮಸೀದಿ ಅಂಗಳದಲ್ಲಿ ನೆಟ್ಟ ನೇರಳೆ ಈಗಿಲ್ಲ.

ಹಣ್ಣು ಬಿದ್ದು ಹೊಸ ಟೈಲ್ಸ್ ಕಲೆಯಾಗುತ್ತೆ, ಕಡಿಸೋಣ ಅಂದವನು ನಾನೇ. ಟೈಲ್ಸ್ ದಾನ ಕೊಟ್ಟವನೂ ನಾನೇ ಅಲ್ವಾ!

"ಆಪಾನ ಕೇಳಿದ್ಯೇನಪ್ಪಾ?" ಅಂದ್ರು ಮಸೀದಿ ಕಮಿಟಿಯ ಹಿರಿಯರು ದಸ್ತಗೀರ್ ಸಾಬ್.

"ಫೋನಲ್ಲೇ ಒಪ್ಪಿದ್ರು" ಅಂದೆ. ನಾನು ಫೋನೇ ಮಾಡಿರಲಿಲ್ಲ.

ಈ ಬೇಸಿಗೆಯಲ್ಲಿ ಜುಮ್ಮಾ ನಮಾಜಿಗೆ ಹಣೆ ಊರೋಕಾಗದಷ್ಟು ಆ ಟೈಲ್ಸ್ ಕಾದಿದ್ವು. ದಸ್ತಗೀರ್ ಸಾಬ್ ಸಾಲಲ್ಲೇ ಕುಸಿದುಬಿದ್ರು, ಈಗ ಹುಷಾರಾಗಿದ್ದಾರೆ. ಬಿಸಿಲು ವರ್ಷವರ್ಷ ಏರ್ತಿದೆ ಅಂತ ಇಮಾಮರು ಅದರ ಮುಂದಿನ ವಾರ ಮರದ ಮಾತೆತ್ತಿದ್ರು. ನೆಟ್ಟವನು ಸತ್ತರೂ, ಹಕ್ಕಿ ಹಣ್ಣು ತಿಂದಾಗಲೆಲ್ಲ ಅವನಿಗೆ ದಾನದ ಪುಣ್ಯ ಸೇರುತ್ತಂತೆ.

ನೀವೀಗ ಇರೋ ಸದಾಶಿವನಗರದ ನಿಮ್ಮ ಮಗಳ ಮನೆ ಗೇಟ್ ತನಕ ಎರಡು ಸಲ ಬಂದು ವಾಪಸಾದೆ. ಟೈಲ್ಸ್ ಕೀಳಿಸಿ, ನಿಮ್ಮ ಯಜಮಾನರ ಹೆಸರಲ್ಲೇ ನೇರಳೆ ಸಸಿ ನೆಡ್ತೀನಿ. ಈ ಸಲ ನಿಜವಾಗಿಯೂ ಕೇಳ್ತಿದೀನಿ, ಒಪ್ಪಿಗೆ ಕೊಡಿ. ಈ ಪತ್ರ ಕಮಿಟಿಗೂ ತೋರಿಸಿ.

ಕಡಿದದ್ದರಿಂದ ಯಾರಿಗೇನು ಸಿಕ್ತು ಅಂದ್ರೆ, ಸಾಮಿಲ್‌ನವರಿಗೆ ದಿಮ್ಮಿ, ಮಸೀದಿಗೆ ಕಲೆಯಿಲ್ಲದ ಅಂಗಳ, ನನಗೆ ದಾನಿಗಳ ಗೋಡೆಕಲ್ಲಲ್ಲಿ ಹೆಸರು. ನಿಮ್ಮ ಯಜಮಾನರಿಗೆ ಆವತ್ತಿನಿಂದ ಏನೂ ಸಿಕ್ಕಿಲ್ಲ.

ಇಂತಿ,
ಟೈಲ್ಸ್ ಅಂಗಡಿ ಝುಬೇರ್