ಗೋಡೆಯಿಲ್ಲದ ತರಗತಿ

ಮನೆಯಿಂದ,
ಡಿಸೆಂಬರ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಇಡೀ ದಿನ ವಾರ್ಡಿನಲ್ಲಿ ನಿಂತೇ ಇರುತ್ತೀಯ. ರೋಗಿಗಳಿಗೆ ಹೇಳುವ ಬುದ್ಧಿಮಾತಿನಲ್ಲಿ ಅರ್ಧದಷ್ಟನ್ನಾದರೂ ನೀನು ಪಾಲಿಸಬಾರದೇ? ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಆದರೆ ಕೈ ಓಡುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಮಗಳು ಗಿಣಿ ಪಕ್ಕದಲ್ಲೇ ಅಂಟಿಕೊಂಡು ಕೂತಿರುತ್ತಾಳೆ. ಈಗ ಗೆಳತಿಯ ಮನೆಗೆ ಹೋಗಿದ್ದಾಳೆ, ಅದಕ್ಕೇ ಪೆನ್ನು ಹಿಡಿದೆ.

ನಮ್ಮ ಶಿಕ್ಷಣ ಇಲಾಖೆಯ ದೊಡ್ಡ ಯೋಜನೆ ನಿನಗೆ ಗೊತ್ತೇ ಇದೆ. ಇಲ್ಲಿನ ಹೈಸ್ಕೂಲುಗಳನ್ನೆಲ್ಲ ಹದಿನೈದು ವರ್ಷಗಳಲ್ಲಿ ಹಂತಹಂತವಾಗಿ ಬದಲಾಯಿಸುವ ಕೆಲಸ. ಸುಣ್ಣಬಣ್ಣ ಬಳಿದು ಕೈತೊಳೆದುಕೊಂಡರೆ ಸಾಲದು, ಮೊದಲು ಕಲಿಸುವ ರೀತಿ ಬದಲಾಗಬೇಕು, ಅದಕ್ಕೆ ತಕ್ಕಂತೆ ಕಟ್ಟಡ ಬದಲಾಗಬೇಕು ಎಂದು ಎಲ್ಲರ ತಲೆ ತಿಂದವಳು ನಾನೇ. ಮಕ್ಕಳು ಸಾಲಾಗಿ ಕೂತು ಬೋರ್ಡು ನೋಡಿದ್ದು ಸಾಕು, ಗುಂಪುಗುಂಪಾಗಿ ಕೂತು ವಾದ ಮಾಡಿ ಕಲಿಯಲಿ ಎಂಬುದು ನನ್ನ ಹಟ. ಪ್ರಯೋಗಕ್ಕೆ ಗಿಣಿಯ ಸ್ಕೂಲನ್ನೇ ಆರಿಸಿ, ಒಂಬತ್ತನೇ ಕ್ಲಾಸಿನ ಮೂರು ಕೋಣೆಗಳ ನಡುವಿನ ಗೋಡೆ ಒಡೆಸಿ ಒಂದೇ ಹಾಲ್ ಮಾಡಿಸಿದೆ. ಆ ದಿನ ಧೂಳಿನಲ್ಲಿ ನಿಂತು ತೆಗೆಸಿಕೊಂಡ ಫೋಟೋ ನೋಡಿ ನೀನು, “ಮನೆ ಗುಡಿಸೋಕೆ ಅಳ್ತಿದ್ದೋಳು ಧೂಳಲ್ಲಿ ನಿಂತು ನಗ್ತಿದ್ದಾಳೆ ನೋಡು” ಅಂದಿದ್ದೆ.

ಹಾಲ್ ನೋಡಲು ಬೇರೆ ಬೇರೆ ಕಡೆಯಿಂದ ಜನ ಬಂದರು, ಹೊಗಳಿದರು. ನಾನು ಉಬ್ಬಿದೆ. ಇತ್ತ ಮನೆಯಲ್ಲಿ ಗಿಣಿಯ ಮಾತು ಕಡಿಮೆಯಾಗುತ್ತ ಬಂತು. ಬಾಯಿಗೆ ಬಿಡುವು ಕೊಡದವಳೆಂದೇ ಅಲ್ಲವೇ ನಾವು ಅವಳಿಗೆ ಆ ಹೆಸರಿಟ್ಟದ್ದು? ಅವಳ ಕ್ಲಾಸ್ ಟೀಚರ್ ನನ್ನನ್ನು ಕರೆಸಿ, “ಹುಡುಗಿಗೆ ಗಮನವೇ ಇಲ್ಲ. ನಾನೊಂದು ಕೇಳಿದ್ರೆ ಅವಳೊಂದು ಹೇಳ್ತಾಳೆ, ಮಕ್ಕಳು ನಗ್ತಾರೆ” ಎಂದರು. ನನಗೆ ಅವಮಾನವಾದಂತಾಯಿತು. ನಾನೇ ರೂಪಿಸಿದ ತರಗತಿಯಲ್ಲಿ ನನ್ನ ಮನೆಯ ಹುಡುಗಿಯೇ ಹಿಂದೆ ಬೀಳುವುದೇ? ಊಟಕ್ಕೆ ಕೂತಾಗ, “ನಿಮ್ಮಮ್ಮ ನಿನಗೋಸ್ಕರ ಅಷ್ಟು ದೂರ ಒದ್ದಾಡ್ತಿದ್ದಾಳೆ, ನೀನಿಲ್ಲಿ ಕನಸು ಕಾಣ್ತಾ ಕೂತಿದ್ದೀಯ” ಎಂದುಬಿಟ್ಟೆ. ಅವಳು ತಟ್ಟೆ ತೊಳೆದಿಟ್ಟು ಹೋಗಿ ಮಲಗಿದಳು.

ಕಳೆದ ತಿಂಗಳು ಕೊನೆಯ ವರದಿ ಬರೆಯುವ ಮುಂಚೆ ಒಮ್ಮೆ ಆ ಹಾಲ್‌ನಲ್ಲಿ ಕೂತು ನೋಡೋಣವೆಂದು ಹೋದೆ. ಅಷ್ಟು ತಿಂಗಳಲ್ಲಿ ಪಾಠ ನಡೆಯುವಾಗ ನಾನಲ್ಲಿ ಕೂತದ್ದು ಅದೇ ಮೊದಲು. ಒಟ್ಟಿಗೇ ಮೂವರು ಟೀಚರ್‌ಗಳ ದನಿ, ಬೆಂಚು ಎಳೆಯುವ ಸದ್ದು, ನೂರಕ್ಕೂ ಹೆಚ್ಚು ಮಕ್ಕಳ ಗಲಗಲ, ಎಲ್ಲವೂ ಮೇಲಿನ ತಾರಸಿಗೆ ಬಡಿದು ಮತ್ತೆ ನಮ್ಮ ತಲೆಯ ಮೇಲೇ ಸುರಿಯುತ್ತಿತ್ತು. ಎರಡೂ ಕಿವಿ ನೆಟ್ಟಗಿರುವ ನನಗೇ ತಲೆ ಸಿಡಿಯಿತು. ಗಿಣಿ ಎದುರಿನ ಹುಡುಗಿಯ ತುಟಿಯನ್ನೇ ದಿಟ್ಟಿಸುತ್ತಿದ್ದಳು. ಪಕ್ಕದವಳ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದಳು. ಗುಂಪಿನವರು ನಕ್ಕರೆ ಅವರ ಮುಖ ನೋಡಿ ಒಂದಿಷ್ಟು ತಡವಾಗಿ ತಾನೂ ನಗುತ್ತಿದ್ದಳು.

ಅಕ್ಕಾ, ಚಿಕ್ಕಂದಿನ ಜ್ವರದಲ್ಲಿ ಅವಳ ಬಲಗಿವಿ ಹೋದದ್ದು ನನಗೆ ಗೊತ್ತಿಲ್ಲದ್ದೇ? ಭಾವ ತೀರಿಕೊಂಡು ನೀನು ಆ ಕೆಲಸಕ್ಕೆ ಹೊರಟ ದಿನ ನನಗೆ ಹೇಳಿ ಹೋದದ್ದು ಒಂದೇ ಮಾತು: “ಎಡಗಡೆ ಕೂತು ಮಾತಾಡಿಸು.” ಮನೆಯಲ್ಲಿ ಅದನ್ನು ತಪ್ಪಿಸಿದವಳಲ್ಲ. ಆದರೆ ನಕ್ಷೆ ಮುಂದಿಟ್ಟುಕೊಂಡು ಕೂತಾಗ ಅಂಥ ಒಂದು ಮಗುವೂ ನನ್ನ ಕಣ್ಣಿಗೆ ಬೀಳಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದು ಗಿಣಿಯನ್ನು ಕೇಳಿದ್ದಕ್ಕೆ, “ನೀವು ಅಷ್ಟು ಖುಷಿಯಾಗಿದ್ರಿ ಚಿಕ್ಕಮ್ಮ” ಎಂದಳು. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಯೋಜನೆಗೆ ಒಪ್ಪಿಗೆ ಸಿಗಬೇಕಿದ್ದ ಸಭೆಯಲ್ಲಿ ನಾನೇ ಎದ್ದು ನಿಂತು, ಇದು ಹೀಗೇ ಬೇಡ ಎಂದೆ. ಗುಂಪಿನಲ್ಲಿ ಕಲಿಯುವುದು ಇರಲಿ, ಆದರೆ ಸದ್ದು ತಡೆಯುವ ಛಾವಣಿ ಬೇಕು, ಬೇಕಾದಾಗ ಎಳೆದು ಮುಚ್ಚುವ ಮರದ ಗೋಡೆ ಬೇಕು, ಅದಕ್ಕೂ ಮೊದಲು ಅಲ್ಲಿ ಕೂರುವ ಮಕ್ಕಳನ್ನು ಕೇಳಬೇಕು ಎಂದೆ. ಇಂಜಿನಿಯರ್, “ಒಡೆಸಿದ್ದೂ ನೀವೇ, ಈಗ ಕಟ್ಟಿಸೋದೂ ನೀವೇನಾ ಮೇಡಂ?” ಎಂದಾಗ ಎಲ್ಲರೂ ನಕ್ಕರು. ಹೌದು, ನಾನೇ ಎಂದೆ. ಗಿಣಿಯ ಹೆಸರೆತ್ತಲಿಲ್ಲ. ಹೊರಗೆ ಬಂದ ಮೇಲೆ ಹೆಡ್‌ಮಾಸ್ಟರ್ ಪಕ್ಕಕ್ಕೆ ಕರೆದು, “ಕಿವಿ ಮಂದ ಇರೋ ಮಕ್ಕಳು ಇನ್ನೂ ಕೆಲವರಿದ್ದಾರೆ ಮೇಡಂ, ನಮಗೂ ಹೊಳೀಲಿಲ್ಲ” ಎಂದರು. ಈಗ ಇಡೀ ಯೋಜನೆ ಒಂದು ವರ್ಷ ಮುಂದಕ್ಕೆ ಹೋಗಿದೆ. ಛಾವಣಿ ಸೋರುವ ಸ್ಕೂಲುಗಳ ಮಕ್ಕಳು ನನ್ನಿಂದಾಗಿ ಇನ್ನೊಂದು ವರ್ಷ ಹಾಗೇ ಕೂರಬೇಕು, ಆ ಪಾಪವೂ ನನ್ನದೇ. ಸಾಹೇಬರು ಮುಖ ಕೊಟ್ಟು ಮಾತಾಡುತ್ತಿಲ್ಲ. ಗಿಣಿಯ ಹಾಲ್‌ನಲ್ಲಿ ಮಾತ್ರ ತಾತ್ಕಾಲಿಕವಾಗಿ ಹಲಗೆಯ ಗೋಡೆ ಎದ್ದಿದೆ.

ನೀನು ನನ್ನ ಮೇಲೆ ನಂಬಿಕೆಯಿಟ್ಟು ಅವಳನ್ನು ಬಿಟ್ಟುಹೋದೆ. ಬೈಯುವುದಿದ್ದರೆ ಮನಸಾರೆ ಬೈದುಬಿಡು, ಒಳಗೆ ಇಟ್ಟುಕೊಳ್ಳಬೇಡ. ರಾತ್ರಿ ಪಾಳಿಯಲ್ಲಿ ಊಟ ಬಿಡಬೇಡ. ನಿನ್ನ ಕಾಲು ಮುಟ್ಟಿ ನಮಸ್ಕರಿಸುತ್ತೇನೆ.

ನಿನ್ನ
ತಂಗಿ

ತಾ.ಕ.: ಗೇಟಿನ ಸದ್ದಾಯಿತು, ಅವಳು ಬಂದಳು, ಬೇಗ ಬರೆಯುತ್ತೇನೆ. ಗುರುವಾರ ಅವಳನ್ನು ಕಿವಿ ಡಾಕ್ಟರ ಬಳಿ ಕರೆದೊಯ್ದಿದ್ದೆ. ಎಡಗಿವಿಯೂ ಮಂದವಾಗುತ್ತಿದೆಯಂತೆ. ಹಾಲ್‌ನಿಂದ ಆದದ್ದಲ್ಲ, ಆದರೆ ಬೇಗ ಬಂದಿದ್ದರೆ ಒಳ್ಳೆಯದಿತ್ತು ಎಂದರು. “ಅಮ್ಮ ಕೆಲಸ ಬಿಟ್ಟು ಬಂದ್ಬಿಡ್ತಾರೆ, ಹೇಳ್ಬೇಡಿ” ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ, ಅದನ್ನೂ ಮುರಿದೆ. ರಜೆ ಹಾಕಿ ಬಾ ಅಕ್ಕಾ. ನಿನ್ನ ದನಿ ಅವಳಿಗೆ ಇನ್ನೂ ಚೆನ್ನಾಗಿ ಕೇಳಿಸುವಾಗಲೇ ಬಾ.