ಅವ್ವ ಕಾದ ಜಾಮೀನುದಾರ

ದೇವಪುತ್ರಣ್ಣಾ,

ಊರವರೆಲ್ಲ ನಿನ್ನನ್ನು ಪಾಸ್ಟರ್ ಎನ್ನುತ್ತಾರೆ. ನನ್ನ ಬಾಯಿಗೆ ಆ ಮಾತು ಬರುವುದಿಲ್ಲ. ಮೊನ್ನೆ ಹಾನಗಲ್ಲಿನಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕಿಯ ತಲೆಯ ಮೇಲೆ ಕೈಯಿಟ್ಟು, "ಅಂಜಬ್ಯಾಡ ಅವ್ವಾ, ಮ್ಯಾಲೆ ನಿನಗ ನಾ ಜಾಮೀನು" ಎಂದೆಯಂತೆ. ಕೇಳಿ ಮೈ ಉರಿದುಹೋಯಿತು. ಅದೇ ಮಾತನ್ನು ನೀನು ನಮ್ಮ ಅವ್ವನಿಗೂ ಹೇಳಿದ್ದೆ. ಅದರಿಂದ ಏನಾಯಿತೆಂದು ನೀನಂತೂ ಕೇಳಲಿಲ್ಲ, ನಾನೇ ಹೇಳುತ್ತೇನೆ.

ನಿನಗದು ಬೋಧನೆಗೆ ಒದಗುವ ಮಾತು. ಅವ್ವನಿಗೆ ಹಾಗಲ್ಲ. ಹೊಲದ ಬದುವಿನ ಜಗಳದಲ್ಲಿ ಅಪ್ಪನನ್ನು ಪೊಲೀಸರು ಹಿಡಿದುಕೊಂಡು ಹೋದಾಗ, ಸವಣೂರಿನ ಕೋರ್ಟಿನ ಮುಂದೆ ನಮ್ಮಿಬ್ಬರನ್ನೂ ಮಗ್ಗುಲಿಗೆ ಕೂಡಿಸಿಕೊಂಡು ಕಾದವಳು ಅವಳು. ಜಾಮೀನು ನಿಲ್ಲಲು ಒಪ್ಪಿದ್ದ ಅಕ್ಬರಸಾಬರು ಹತ್ತಿಮತ್ತೂರಿನಿಂದ ಬರುವುದು ತಡವಾಯಿತು. ಅವರು ಖುದ್ದಾಗಿ ಬಂದು ಸಹಿ ಹಾಕುವ ತನಕ ಅಪ್ಪನನ್ನು ಬಿಡಲಿಲ್ಲ. ಜಾಮೀನುದಾರ ಬಾರದೆ ಬಿಡುಗಡೆ ಇಲ್ಲ ಎಂಬುದನ್ನು ಅವ್ವ ಅಂದೇ ಕಲಿತಳು. ಅಂಥವಳ ಕಿವಿಯಲ್ಲಿ ನೀನು ಆ ಮಾತು ಹಾಕಿದೆ.

ಅವಳ ಕಡೆಯ ದಿನ ನೀನು ಹಿರೇಕೆರೂರಿನ ಉಜ್ಜೀವನ ಪ್ರಾರ್ಥನಾ ಕೂಟದಲ್ಲಿದ್ದೆ. ಫೋನು ಮಾಡಿದರೆ, "ಕೂಟ ಮುಗಿಸಿ ಬರ್ತೇನಿ, ವಿಶ್ವಾಸದಿಂದ ಇರು ಅನ್ನು ಅವ್ವಗ" ಎಂದೆ. ಇಲ್ಲಿ ಶಿಗ್ಗಾಂವದ ಮನೆಯಲ್ಲಿ ಅವಳು ಮಧ್ಯಾಹ್ನವಿಡೀ ಬಾಗಿಲನ್ನೇ ನೋಡುತ್ತ ಮಲಗಿದ್ದಳು. ಹೈವೇಯಲ್ಲಿ ಬಸ್ಸಿನ ಸದ್ದಾದಾಗಲೆಲ್ಲ ತಲೆ ಎತ್ತಲು ನೋಡುತ್ತಿದ್ದಳು.

"ಅವ್ವಾ, ನಿನಗ ಜಾಮೀನು ನಿಂತಾಂವ ಯೇಸು. ಅಂವ ಎಲ್ಲಿಂದನೂ ಬರಬೇಕಾಗಿಲ್ಲ, ಇಲ್ಲೇ ಅದಾನ" ಎಂದೆ ನಾನು.

ಅವಳು ನನ್ನ ಕೈ ಹಿಡಿದುಕೊಂಡಳು. "ಅಂವ ದೊಡ್ಡಾಂವ ಬಿಡವಾ. ನನ್ನಂಥಾಕಿ ಗುರ್ತು ಅವಗ ಎಲ್ಲಿರತೈತಿ? ದೇವಪುತ್ರ ಬಂದು ಹೇಳಬೇಕು" ಎಂದಳು.

ಅಣ್ಣಾ, ಇವಳು ರೊಟ್ಟಿ ಬಡಿಯುತ್ತ ಯೇಸುವಿನ ಜೊತೆ ಮನೆಯವರ ಜೊತೆ ಮಾತಾಡಿದಂತೆ ಮಾತಾಡುತ್ತಿದ್ದವಳು. ಹಿಟ್ಟು ಜಿಗುಟು ಬರದಿದ್ದರೂ ಅವನಿಗೇ ದೂರುತ್ತಿದ್ದಳು. ಅವನು ದೊಡ್ಡವನು, ತಾನು ಗುರುತಿಲ್ಲದವಳು ಎಂದು ಇವಳಿಗೆ ಹೇಳಿಕೊಟ್ಟವರು ಯಾರು? ಅವರಿಬ್ಬರ ನಡುವೆ ಹೋಗಿ ನಿಂತವರು ಯಾರು?

ನೀನು ಮರುದಿನ ಬಂದೆ. ಸಮಾಧಿಯ ಹತ್ತಿರ ನಿಂತು, ತಾಯಿ ಸಮಾಧಾನದಿಂದ ಕರ್ತನಲ್ಲಿ ನಿದ್ರೆ ಹೋದರು ಎಂದೆ. ಸುಳ್ಳು. ಅವ್ವ ಅಂಜಿಕೊಂಡು ಸತ್ತಳು. ಕಡೆಗೆ ಅವಳ ಬಾಯಲ್ಲಿದ್ದದ್ದು ಕರ್ತನ ಹೆಸರಲ್ಲ, ನಿನ್ನದು.

ಅವಳ ರಕ್ಷಣೆಯ ಬಗ್ಗೆ ನನಗೆ ಚಿಂತೆಯಿಲ್ಲ. ತನ್ನ ಪಕ್ಕದ ಶಿಲುಬೆಯಲ್ಲಿ ಸಾಯುತ್ತಿದ್ದ ಕಳ್ಳನನ್ನು ಯಾರ ಶಿಫಾರಸನ್ನೂ ಕೇಳದೆ ಒಳಗೆ ಕರೆದುಕೊಂಡವನು ಅವ್ವನನ್ನು ಹೊರಗೆ ನಿಲ್ಲಿಸುವವನಲ್ಲ. ಆದರೆ ಆ ಮಧ್ಯಾಹ್ನ ಅವಳಿಗೆ ಸಿಗಬೇಕಿದ್ದ ನೆಮ್ಮದಿಯನ್ನು ನೀನು ಕಿತ್ತುಕೊಂಡೆ. ಅದನ್ನು ಕ್ಷಮಿಸಲು ಪ್ರತಿ ಭಾನುವಾರ ಪ್ರಯತ್ನಿಸುತ್ತೇನೆ, ಆಗುತ್ತಿಲ್ಲ.

ಹಾನಗಲ್ಲಿಗೆ ಹೋಗು. ಆ ಮುದುಕಿಗೆ ಜೀವ ಇರುವಾಗಲೇ ಹೋಗು. "ನನ್ನ ಕೈಯಲ್ಲಿ ಏನೂ ಇಲ್ಲ, ನೀನು ನೆಟ್ಟಗೆ ಯೇಸುವನ್ನೇ ಕರೆ" ಎಂದು ನಿನ್ನ ಬಾಯಿಂದಲೇ ಹೇಳಿ ಬಾ. ನಿನ್ನ ದೊಡ್ಡಸ್ತಿಕೆ ಒಂದಿಷ್ಟು ಕಡಿಮೆಯಾದೀತು, ಆಗಲಿ.

ಸಿಟ್ಟಿನಲ್ಲಿ ಬರೆದರೂ ಹರಸಿಯೇ ಮುಗಿಸುತ್ತೇನೆ. ನಿನ್ನ ಕಡೆಯ ಹೊತ್ತಿನಲ್ಲಿ ಅವ್ವನಂತೆ ದಾರಿ ಕಾಯಲು ನಿನಗೆ ಯಾವ ಮನುಷ್ಯನೂ ಇಲ್ಲದಿರಲಿ, ಯೇಸುವೊಬ್ಬನೇ ಸಾಕಾಗಲಿ.

ನಿನ್ನ ತಂಗಿ,
ಸುಗುಣಾ
ಶಿಗ್ಗಾಂವ