ಹತ್ತನೇ ತಾರೀಕಿಗೆ ಒಣಗಬೇಕಾದ ಗೋಡೆ

ಏಪ್ರಿಲ್ 27, ಭಾನುವಾರ

ಮೇ ತಿಂಗಳ ಕೆಲಸದ ಚಾರ್ಟ್ ಹಾಕುತ್ತಾ ಕೂತಿದ್ದೇನೆ. ಮೇ ಅನ್ನುವುದು ತಿಂಗಳಲ್ಲ, ಜರಡಿ. ಒಂದಕ್ಕೆ ಕಾರ್ಮಿಕರ ರಜೆ, ಮೂರಕ್ಕೆ ಗಾರೆಯವರ ಹಬ್ಬವಾದ ಪವಿತ್ರ ಶಿಲುಬೆ, ಹತ್ತಕ್ಕೆ ತಾಯಂದಿರ ದಿನ. ಸೋಮವಾರಗಳ ಕಥೆ ಬೇರೆ. ಭಾನುವಾರ ಕುಡಿದವರು ಸೋಮವಾರ ಬರುವುದಿಲ್ಲ. ಹಾಗಾಗಿ ಸೋಮವಾರಕ್ಕೆ ಏನನ್ನೂ ಬರೆಯುವುದಿಲ್ಲ, ನಮ್ಮ ಟೊಲೂಕಾ ಊರಿನಲ್ಲಿ ಯಾರೂ ಬರೆಯುವುದಿಲ್ಲ.

ಕೈಯಲ್ಲಿರುವ ನಾಲ್ಕು ಮನೆಗಳಲ್ಲಿ ಮೂರನ್ನು ಹೇಗೋ ಹೊಂದಿಸಬಹುದು. ಒತಿಲಿಯಾ ಅವರದು ಮಾತ್ರ ಮುಂದಕ್ಕೆ ಹೋಗುವಂತಿಲ್ಲ. ಅವರ ತಾಯಿ ದೋನ್ಯಾ ಮೊದೆಸ್ತಾ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾರೆ. ಮೆಟ್ಟಿಲು ಹತ್ತಲಾರರು. ಕೆಳಗಿನ ಗ್ಯಾರೇಜನ್ನೇ ಮಲಗುವ ಕೋಣೆ ಮಾಡಿಕೊಡಬೇಕು. ತಾಯಂದಿರ ದಿನ ಅಲ್ಲಿಗೆ ಕರೆತರುತ್ತಾರೆ. "ಇನ್ನೊಂದು ಮೇ ಹತ್ತು ನೋಡ್ತಾರೆ ಅಂತ ಡಾಕ್ಟ್ರು ಹೇಳ್ತಿಲ್ಲ ಕಣೇ" ಎಂದು ಫೋನಿನಲ್ಲೇ ಅತ್ತರು.

ಪ್ಲಾಸ್ಟರ್ ಮೂರಕ್ಕೆ. ಬಣ್ಣ ಎಂಟಕ್ಕೆ. ಬರೆದೆ.

ಏಪ್ರಿಲ್ 29

ಮೇಸ್ತ್ರಿ ಎಲೆಯುತೇರಿಯೊ ಚಾರ್ಟ್ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಶಿಲುಬೆ ದಿನ ಪ್ಲಾಸ್ಟರಾ ಆರ್ಕಿ? ಅವತ್ತು ಕರಣೆ ಮುಟ್ಟಿದ್ರೆ ಕೈ ಸೇದಿಹೋಗತ್ತೆ."

(ನಾನು ಆರ್ಕಿಟೆಕ್ಟ್ ಅಲ್ಲ, ಒಳಾಂಗಣದವಳು ಎಂದು ಹೇಳಿ ಹೇಳಿ ಸಾಕಾಗಿದೆ.)

"ಬೆಳಿಗ್ಗೆ ಮುಗಿಸಿ, ಆಮೇಲೆ ಹಬ್ಬ ಮಾಡ್ಕೊಳ್ಳಿ" ಎಂದೆ.

"ನಿಮ್ಮಪ್ಪನೂ ಗಾರೆಯೋರೇ ಅಲ್ವಾ? ಅವರೆದುರು ಹೀಗಂದಿದ್ರೆ ಕೆನ್ನೆ ಊದಿರೋದು."

ನಿಜ. ಮರೆತು ಬರೆದದ್ದಲ್ಲ. ದಿನ ಸಾಲದೆ ಬರೆದದ್ದು.

ಮೇ 3, ಶನಿವಾರ

ಹಬ್ಬವೇ ಗೆದ್ದಿತು. ತಾರಸಿಯ ಮೇಲೆ ಕಾಗದದ ಹೂವಿನ ಶಿಲುಬೆ, ಪಾದ್ರಿಯ ತೀರ್ಥ, ಪಟಾಕಿ. ಹಂದಿಮಾಂಸ, ಟೋರ್ಟಿಯಾ ರೊಟ್ಟಿ, ಬಿಯರ್ ಎಲ್ಲ ಒತಿಲಿಯಾ ಕೊಡಿಸಿದ್ದು, ಮುಖ ಗಂಟು ಹಾಕಿಕೊಂಡು.

ಕಾವಲುಗಾರ ಚೆಂಚೊ ಮಾತ್ರ ಹುಣಸೆ ಪಾನಕ ಹಿಡಿದು ಮೂಲೆಯಲ್ಲಿ. ಜನವರಿಯಲ್ಲಿ ಊರಿನ ಇಗರ್ಜಿಯಲ್ಲಿ ಕನ್ಯಾಮಾತೆಯ ಮುಂದೆ ಆಣೆ ಮಾಡಿದ್ದಾನೆ, ವರ್ಷವಿಡೀ ಒಂದು ಹನಿ ಇಲ್ಲ. ಎಲ್ಲರೂ ರೇಗಿಸಿದ್ದೇ ರೇಗಿಸಿದ್ದು. "ಇವತ್ತು ಅಮ್ಮನಿಗೂ ರಜ ಕಣೋ, ಒಂದು ಗುಟುಕು ಹಾಕು!"

"ಅಮ್ಮ ರಜ ಹಾಕಿದ್ರೂ ನನ್ನ ಹೆಂಡ್ತಿ ಹಾಕಲ್ಲ ಬಿಡ್ರಪ್ಪಾ" ಎಂದ. ನಾನೂ ನಕ್ಕೆ.

ಮೇ 6

ನಿನ್ನೆ ಒಬ್ಬರೂ ಬರಲಿಲ್ಲ. ಇವತ್ತು ಪ್ಲಾಸ್ಟರ್ ಆಯಿತು. ಸಂಜೆ ಆಲಿಕಲ್ಲು ಮಳೆ...

ಮೇ 8, ಗುರುವಾರ, ಸಂಜೆ

ಗೋಡೆ ಮುಟ್ಟಿದರೆ ಅಂಗೈ ಒದ್ದೆ. ಬಣ್ಣದವನು ಡಬ್ಬ ಎತ್ತಿಕೊಂಡು ವಾಪಸು ಹೋದ. "ನಾಳೆ ಮಧ್ಯಾಹ್ನ ಒಣಗಿದ್ರೆ ಕರೀರಿ, ಇಲ್ದಿದ್ರೆ ಬೇರೆಯವರನ್ನ ನೋಡ್ಕೊಳ್ಳಿ." ಒತಿಲಿಯಾ ಫೋನ್ ಮಾಡುತ್ತಲೇ ಇದ್ದಾರೆ. ಅಮ್ಮ ಆಗಲೇ ಚೀಲ ಕಟ್ಟಿಸಿಕೊಂಡಿದ್ದಾರಂತೆ.

ಮನೆಗೆ ಹೊರಟ ಮೇಸ್ತ್ರಿಯ ಎದುರೇ ಚೆಂಚೊನಿಗೆ ಹೇಳಿದೆ: ಎರಡು ಇದ್ದಿಲ ಒಲೆ ಒಳಗಿಡು, ಬೆಳಗಿನವರೆಗೆ ಆರಬಾರದು, ನೀನೂ ಅಲ್ಲೇ ಇರು. ಅಪ್ಪನೂ ಹೀಗೇ ಒಣಗಿಸುತ್ತಿದ್ದ.

"ಕಿಟಕಿ ಒಂಚೂರು ತೆಗೆದಿಡ್ಲಾ ಆರ್ಕಿ?"

"ಬೇಡ. ಮಳೆ ತೇವ ಒಳಗೆ ಬರತ್ತೆ."

"ಆಯ್ತು, ನೀವು ಹೇಳ್ದಂಗೆ."

ಮೇ 9

ಚೆಂಚೊ ಸತ್ತಿದ್ದಾನೆ.

ಇದ್ದಿಲ ವಿಷಗಾಳಿ ತುಂಬಿದ ಕೋಣೆಯ ಬಾಗಿಲನ್ನು ಬೆಳಿಗ್ಗೆ ತೆಗೆದದ್ದು ಎಲೆಯುತೇರಿಯೊ. ನಾನು ಬರುವಷ್ಟರಲ್ಲಿ ಹೊರಗೆ ಮಲಗಿಸಿದ್ದರು. ಕೆನ್ನೆ ಕೆಂಪಗಿತ್ತು. ಬದುಕಿದ್ದಾನೆ ಅಂದುಕೊಂಡೆ.

ಪೊಲೀಸರು ಬಂದರು. ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಹೇಳಿಬಿಟ್ಟ. "ಚಳಿಗೆ ಅವನೇ ಹಚ್ಕೊಂಡಿದಾನೆ ಸಾರ್. ಹಬ್ಬದ್ ಬಿಯರ್ ಉಳ್ದಿತ್ತು... ಕುಡಿದೋನಿಗೆ ಕಿಟಕಿ ಎಲ್ಲಿ ನೆನಪಿರತ್ತೆ?" ಅವರು ಹಾಗೇ ಬರೆದುಕೊಂಡರು. ನಾನು ನಿಂತಿದ್ದೆ. ನಿಂತೇ ಇದ್ದೆ.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದ. "ಸತ್ತೋನು ಎದ್ದು ಬರಲ್ಲ. ನೀವು ಜೈಲಿಗೆ ಹೋದ್ರೆ ನಮ್ಮೆಲ್ಲರ ಅನ್ನವೂ ಹೋಗತ್ತೆ. ಸುಮ್ನಿರಿ ಆರ್ಕಿ."

ಒತಿಲಿಯಾ ಅವರ ಮೈದುನ ಯಾರಿಗೋ ಫೋನ್ ಮಾಡಿದ. ಮಧ್ಯಾಹ್ನ ಪೊಲೀಸರು ಕೋಣೆ ಬಿಟ್ಟುಕೊಟ್ಟರು. ಬಣ್ಣದವನನ್ನು ಕರೆದದ್ದು ನಾನೇ. ಗೋಡೆ ಚೆನ್ನಾಗಿ ಒಣಗಿತ್ತು.

ಮೇ 10

ದೋನ್ಯಾ ಮೊದೆಸ್ತಾರನ್ನು ಚಕ್ರದ ಕುರ್ಚಿಯಲ್ಲಿ ಕರೆತಂದರು. ಮೊಮ್ಮಕ್ಕಳು, ಬ್ಯಾಂಡು, ಹಾಡು. ಮಂಚ ಹಾಕಿದ್ದು ಚೆಂಚೊ ಸತ್ತ ಅದೇ ಜಾಗದಲ್ಲಿ. ಚಾರ್ಟಿನಲ್ಲಿ ಹಾಗೇ ಇತ್ತು.

"ಎಷ್ಟು ಬೆಚ್ಚಗಿದೆಯಲ್ಲೇ ಒತಿ! ಯಾರೇ ಮಾಡ್ಕೊಟ್ಟಿದ್ದು?" ಎಂದು ಮುದುಕಿ ನನ್ನ ಎರಡೂ ಕೈ ಹಿಡಿದು ಮುತ್ತಿಟ್ಟರು. ಒತಿಲಿಯಾ ಕಿವಿಯಲ್ಲಿ, "ಅಮ್ಮಂಗೆ ಅದೊಂದು ಗೊತ್ತಾಗೋದು ಬೇಡ."

ಕೇಕ್ ಕೊಟ್ಟರು. ತಿಂದೆ. ಪೂರ್ತಿ ತಿಂದೆ. ನನ್ನ ಮೇಲೆ ನನಗೇ ಹೇಸಿಗೆ.

ಮೇ 14

ಚೆಂಚೊನ ಹೆಂಡತಿ ಬೆನಿಗ್ನಾ ಆಫೀಸಿಗೆ ಬಂದಿದ್ದಳು. ಬೆಟ್ಟದ ಊರಿನಿಂದ ಎರಡು ಬಸ್ಸು ಹತ್ತಿ. ದುಡ್ಡು ಕೇಳಲು ಬಂದಳು ಅಂದುಕೊಂಡು ಪರ್ಸಿಗೆ ಕೈ ಹಾಕಿದೆ. ಬೇಡ ಅಂದಳು.

"ಅವ್ರು ಆಣೆ ಮುರಿದು ಸತ್ರು ಅಂತ ಊರೆಲ್ಲಾ ಆಡ್ಕೊಳ್ತಿದಾರೆ. ಒಂಬತ್ತು ದಿನದ ಪ್ರಾರ್ಥನೆಗೆ ಒಂದು ನರಪಿಳ್ಳೆ ಬರ್ತಿಲ್ಲ. ಕೊನೇಲಿ ನೋಡಿದ್ದು ನೀವಲ್ವಾ... ಬಾಯಲ್ಲಿ ವಾಸನೆ ಇತ್ತಾ ಆರ್ಕಿ?"

"ಇರಲಿಲ್ಲ."

"ನಂಗೊತ್ತು! ಭಾನುವಾರ ಕೊನೇ ದಿನ. ಬಂದು ಅಷ್ಟು ಹೇಳಿ ಸಾಕು. ಕುಡೀದೇ ಇದ್ದೋನು ಕಿಟಕಿ ಯಾಕೆ ಮುಚ್ಚಿದ ಅಂತ ಕೇಳ್ತಾರೆ. ಅದಕ್ಕೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ."

ಮೇ 17

ಜೂನ್ ಚಾರ್ಟ್ ಕೇಳಿಕೊಂಡು ಎಲೆಯುತೇರಿಯೊ ಬಂದ. ನಾಳೆ ಬೆನಿಗ್ನಾಳ ಊರಿಗೆ ಹೋಗುತ್ತೇನೆ ಎಂದೆ. ಕೂತ. ಟೊಪ್ಪಿ ತೆಗೆದ. "ಅಲ್ಲಿ ಅವನ ತಮ್ಮಂದಿರು ಇದಾರೆ. ಪಾದ್ರಿ ಇದಾರೆ. ಒಂದು ಸಲ ಬಾಯಿಂದ ಹೋದ್ರೆ ವಾಪಸ್ ತಗೊಳಕ್ಕಾಗಲ್ಲ." ಅವನು ನನಗಾಗಿಯೇ ಸುಳ್ಳು ಹೇಳಿದವನು.

ಮೇ 18, ಭಾನುವಾರ

ಬೆನಿಗ್ನಾಳ ಮನೆಯೆದುರು, ಕಾರಿನಲ್ಲಿ. ಅಂಗಳದ ತುಂಬ ಬಾಡಿಗೆ ಕುರ್ಚಿ. ಕೂತವರು ನಾಲ್ಕೇ ಜನ. ಅವಳು ನನ್ನನ್ನು ನೋಡಿದಳು. ಸೆರಗಿನಂತೆ ಹೊದ್ದ ಶಾಲಿನಲ್ಲಿ ಒಂದು ಕುರ್ಚಿ ಒರೆಸುತ್ತಿದ್ದಾಳೆ. ನನಗೇ ಇರಬೇಕು.

ಮಾತು ಹೊರಡುತ್ತದೋ ಇಲ್ಲವೋ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಚೆಂಚೊ ಕುಡಿದಿರಲಿಲ್ಲ. ಕಿಟಕಿ ತೆಗೆದಿಡಲಾ ಎಂದು ಅವನು ಕೇಳಿದ. ಆಗ ನಾನು...